ಏಣಿ ಸಂಗ್ರಹಾಲಯವನ್ನು ಉಳಿಸಿಕೊಂಡ ಬಗೆ

ಊರಿನ ಏಣಿ ಸಂಗ್ರಹಾಲಯವನ್ನು ಮುಚ್ಚತಕ್ಕದ್ದೆಂದು ಪುರಸಭೆಯು ಸರ್ವಾನುಮತದಿಂದ ತೀರ್ಮಾನಿಸಿತು. ಅಂಥದೊಂದು ಸಂಗ್ರಹಾಲಯ ಊರಿನಲ್ಲಿದೆ ಎಂಬುದು ಸದಸ್ಯರಿಗೆ ತಿಳಿದದ್ದೂ ಅದೇ ಸಭೆಯಲ್ಲಿ. ಆದೇಶದಲ್ಲಿ ಎರಡು ಕಾರಣ ಕೊಟ್ಟಿದ್ದರು: ಅಲ್ಲಿರುವ ಏಣಿಗಳನ್ನು ಯಾರೂ ಹತ್ತುತ್ತಿಲ್ಲ, ಯಾರಾದರೂ ಹತ್ತಿದರೆ ಬೀಳುವ ಸಂಭವವಿದೆ. ಕಟ್ಟಡವನ್ನು ಇನ್ನೂ ಉತ್ತಮವಾದ ಉದ್ದೇಶಕ್ಕೆ ಬಳಸಲಾಗುವುದೆಂದೂ, ಆ ಉದ್ದೇಶ ಯಾವುದೆಂಬುದನ್ನು ಆಮೇಲೆ ನಿರ್ಧರಿಸಲಾಗುವುದೆಂದೂ, ಏಣಿಗಳನ್ನು ಸೌದೆ ದರ್ಜೆಯ ಮರವೆಂದು ಪರಿಗಣಿಸಿ ವಿಲೇವಾರಿ ಮಾಡಲಾಗುವುದೆಂದೂ ಕೊನೆಯಲ್ಲಿ ಬರೆದಿತ್ತು.

ಆದೇಶವನ್ನು ತಂದುಕೊಟ್ಟವರು ಪುರಸಭೆಯ ಹೆಡ್ ಗುಮಾಸ್ತರು. ಅದನ್ನು ಬರೆದವರೂ ಅವರೇ. ಸಂಗ್ರಹಾಲಯದ ಪಾಲಕಿಗೆ ಅವರು ಸ್ವಂತ ಅಕ್ಕನ ಗಂಡ.

"ಮನಸ್ಸಿಗೆ ಹಚ್ಕೋಬೇಡಮ್ಮ. ಭಾಷೆ ಸ್ವಲ್ಪ ಒರಟು. ಆದೇಶ ಅಂದ್ಮೇಲೆ ಹಾಗೇ ಇರ್ಬೇಕು," ಎಂದರು ಭಾವ.

"ಸೌದೆ ಅಂದ್ರೆ ಸುಟ್ಟುಬಿಡ್ತಾರಾ ಭಾವ?"

"ಸುಡ್ತಾರೆ ಅಂತ ನಾನೆಲ್ಲಿ ಬರೆದಿದೀನಿ? ಸೌದೆ ದರ್ಜೆ ಅಂತ ಬರೆದಿದೀನಿ. ದರ್ಜೆ ಬೇರೆ, ಸುಡೋದು ಬೇರೆ."

ಪಾಲಕಿಯ ಪೂರ್ತಿ ಹುದ್ದೆ 'ಪ್ರಭಾರ ಪಾಲಕಿ'. ಕಾಯಂ ಪಾಲಕರು ನೇಮಕವಾಗುವವರೆಗೆ ನೋಡಿಕೊಂಡಿರಿ ಎಂದು ಆಕೆಯನ್ನು ಕೂರಿಸಿದಾಗ ಆಕೆಯ ಜಡೆ ಸೊಂಟದವರೆಗೆ ಇತ್ತು. ಈಗ ಕೂದಲು ನರೆತು ಕಿವಿಯ ಹಿಂದೆ ಸಣ್ಣ ಗಂಟಾಗಿದೆ. ನೇಮಕದ ಕಡತ ಇನ್ನೂ ಪರಿಶೀಲನೆಯಲ್ಲಿದೆ. ಹಳೇ ಗೋದಾಮಿನ ಎತ್ತರದ ಹಾಲಿನಲ್ಲಿ ನಾಲ್ಕೂ ಗೋಡೆಗೆ ಏಣಿಗಳು ಒರಗಿದ್ದವು. ಬೀದಿದೀಪ ಹಚ್ಚುವವನ ಕಿರಿದಾದ ಏಣಿ, ಹಣ್ಣು ಕೀಳುವವರ ಮೂರು ಕಾಲಿನ ಏಣಿ, ಬಾವಿಗೆ ಇಳಿಬಿಡುತ್ತಿದ್ದ ಹಗ್ಗದ ಏಣಿ, ಯಾವುದೋ ಗ್ರಂಥಾಲಯದಿಂದ ಬಂದ ಚಕ್ರದ ಏಣಿ. ಅಡ್ಡ ಮಲಗಿಸಿದರೆ ಏಣಿಯ ಮರ ಬಾಗುತ್ತದೆ ಎಂದು ಆಕೆ ಒಂದನ್ನೂ ನೆಲದ ಮೇಲೆ ಮಲಗಗೊಡುತ್ತಿರಲಿಲ್ಲ.

ಮೂಲೆಯಲ್ಲಿ ಇನ್ನೊಂದಿತ್ತು. ಬಡಗಿಯಾಗಿದ್ದ ಆಕೆಯ ಅಪ್ಪ ಊರಿಗೆಲ್ಲ ಏಣಿ ಮಾಡಿಕೊಟ್ಟು, ಕೊನೆಗೆ ಮಗಳಿಗೆಂದು ಮಾಡಿದ್ದು. ಪುಟ್ಟ ಕಾಲಿಗೆ ಎಟುಕಲೆಂದು ಮೆಟ್ಟಿಲುಗಳನ್ನು ಒತ್ತೊತ್ತಾಗಿ ಇಟ್ಟಿದ್ದ. ಮಗಳು ಅದನ್ನು ಹತ್ತಿ ಅಟ್ಟದ ಮೇಲೆ ಕೂತು ಅಪ್ಪನ ಬೋಳುತಲೆಯನ್ನು ಮೇಲಿನಿಂದ ನೋಡುತ್ತಿದ್ದಳು. ಸಂಗ್ರಹಾಲಯದ ಉಳಿದ ಏಣಿಗಳ ಮೇಲೆ ಆಕೆಗೆ ಅಕ್ಕರೆ. ಇದರ ಮೇಲೆ ಮಾತ್ರ, ಕಳೆದುಕೊಂಡರೆ ಬದುಕಿದ್ದೂ ಪ್ರಯೋಜನವಿಲ್ಲ ಅನ್ನಿಸುವಷ್ಟು ಪ್ರೀತಿ.

ಆದೇಶದ ಸುದ್ದಿ ಹಬ್ಬಿದ ಕೂಡಲೇ ಹೋರಾಟ ಸಮಿತಿ ಹುಟ್ಟಿತು. ನಿವೃತ್ತ ಹೆಡ್‌ಮಾಸ್ಟರು ಅಧ್ಯಕ್ಷರಾದರು. ಅವರಿಲ್ಲದೆ ಊರಿನಲ್ಲಿ ಸಮಿತಿಗಳು ಹುಟ್ಟುವ ಪದ್ಧತಿಯೇ ಇರಲಿಲ್ಲ. ಸಂಗ್ರಹಾಲಯವನ್ನು ಅವರು ಅದುವರೆಗೆ ನೋಡಿರಲಿಲ್ಲ. ನೋಡಿದರೆ ಅಭಿಪ್ರಾಯ ಒಂದು ಕಡೆಗೆ ವಾಲಬಹುದೆಂಬ ಎಚ್ಚರ ಅವರಿಗಿತ್ತು. ಭಾವ ಸಮಿತಿಯ ಸಲಹೆಗಾರರಾದರು. ಆದೇಶ ಬರೆದವರಿಗೇ ಅದರ ಹುಳುಕು ಚೆನ್ನಾಗಿ ಗೊತ್ತಿರುತ್ತದೆ ಎಂದು ಎಲ್ಲರೂ ಒಪ್ಪಿದರು. ಪಾಲಕಿಯನ್ನು ಸದಸ್ಯ ಕಾರ್ಯದರ್ಶಿ ಮಾಡಿದರು. ಕುರ್ಚಿ ಹಾಕುವುದು, ಟೀ ಮಾಡುವುದು, ಸಭೆಯ ನಡಾವಳಿ ಬರೆಯುವುದು ಈ ಹುದ್ದೆಯ ಅಧಿಕಾರಗಳು.

ಸಂಗ್ರಹಾಲಯದ ಹಾಲಿನಲ್ಲೇ ಸೇರಿದ ಮೊದಲ ಸಭೆಗೆ ಪೇಂಟರು ಬ್ಯಾನರ್ ಬರೆದುಕೊಂಡೇ ಬಂದಿದ್ದ. ಊರಿನ ಅಂಗಡಿಗಳ ಬೋರ್ಡೆಲ್ಲ ಅವನ ಕೈಬರಹವೇ. ವಯಸ್ಸಾಗಿ ಮಂಡಿ ನೋವು ಬಂದಿತ್ತು, ಅಕ್ಷರ ಮಾತ್ರ ಇನ್ನೂ ದುಂಡಗಿತ್ತು. 'ಏಣಿ ಸಂಗ್ರಹಾಲಯ ಉಳಿಸಿ' ಎಂಬುದನ್ನು ಎಲ್ಲರೂ ಮೆಚ್ಚಿದರು.

"ಬರೆಯೋದೇನೋ ಬರೆದೆ. ಕಂಬಕ್ಕೆ ಕಟ್ಟೋಕೆ ಏಣಿ ಬೇಕಲ್ಲ, ಎಲ್ಲಿಂದ ತರೋದು?" ಎಂದು ಪೇಂಟರು ಕೇಳಿದ.

ಸಭೆ ಚಿಂತೆಗೆ ಬಿತ್ತು. ನಾಲ್ಕೂ ಗೋಡೆಗಳ ಏಣಿಗಳ ನಡುವೆ ಬಹಳ ಹೊತ್ತು ಚರ್ಚೆಯಾಗಿ, ಸದಸ್ಯ ಕಾರ್ಯದರ್ಶಿಯವರು ತಕ್ಕ ವ್ಯವಸ್ಥೆ ಮಾಡತಕ್ಕದ್ದು ಎಂದು ತೀರ್ಮಾನವಾಯಿತು.

"ಇವು ಹತ್ತೋ ಏಣಿಗಳಲ್ಲ ಸರ್, ನೋಡೋವು," ಎಂದಳು ಪಾಲಕಿ.

"ಏಣಿ ಉಳಿಸೋಕೆ ಏಣಿ ಕೊಡಲ್ಲ ಅಂದ್ರೆ ಜನ ಏನಮ್ಮ ಅಂದ್ಕೋತಾರೆ?" ಎಂದರು ಹೆಡ್‌ಮಾಸ್ಟರು.

ಪಾಲಕಿ ಬೀದಿದೀಪದ ಏಣಿಯನ್ನು ಕೊಟ್ಟಳು. ಪೇಂಟರು ಮಾರುಕಟ್ಟೆಯ ಎದುರು ಬ್ಯಾನರ್ ಕಟ್ಟಿ, ಗಾಳಿಗೆ ಹಗ್ಗ ಸಡಿಲವಾದಾಗಲೆಲ್ಲ ಬಿಗಿಯಬೇಕಲ್ಲ ಎಂದು ಏಣಿಯನ್ನು ಅಲ್ಲೇ ಬಿಟ್ಟು ಬಂದ.

ಅನುಮತಿಯಿಲ್ಲದೆ ಕಟ್ಟಿದ ಬ್ಯಾನರ್ ಬಿಚ್ಚಿಸುವುದು ಪುರಸಭೆಯ ಕರ್ತವ್ಯ. ಪುರಸಭೆಗೆ ಸ್ವಂತದ್ದೊಂದು ಏಣಿ ಇತ್ತು. ಅದು ಕಚೇರಿಯ ಚಾವಣಿಯ ಮೇಲಿತ್ತು. ಇಳಿಸಬೇಕಾದರೆ ಏಣಿ ಬೇಕಿತ್ತು. ಬ್ಯಾನರಿನ ಕೆಳಗೇ ಒಂದು ಏಣಿ ನಿಂತಿತ್ತಾದರೂ ಅದು ಸಮಿತಿಯ ವಶದಲ್ಲಿದ್ದದ್ದು. ಎದುರು ಪಕ್ಷದ ಏಣಿಯನ್ನು ನೌಕರರು ಹತ್ತುವುದು ಶಿಸ್ತಿನ ಉಲ್ಲಂಘನೆ. ಆದ್ದರಿಂದ 'ಏಣಿ ಸಂಗ್ರಹಾಲಯ ಉಳಿಸಿ ಎಂಬ ಬ್ಯಾನರ್ ತೆಗೆಯುವ ಸಲುವಾಗಿ ದಯವಿಟ್ಟು ಒಂದು ಏಣಿ ಒದಗಿಸುವುದು' ಎಂಬ ಕೋರಿಕೆಯನ್ನು ಪುರಸಭೆ ಏಣಿ ಸಂಗ್ರಹಾಲಯಕ್ಕೇ ಕಳಿಸಿತು. ತಂದವರು ಭಾವ.

"ಇದು ನಮ್ಮ ಹೋರಾಟಕ್ಕೇ ವಿರುದ್ಧ ಅಲ್ವಾ ಭಾವ?"

"ಸಂಜೆ ಸಭೆಗೆ ಬಂದಾಗ ಕೇಳು, ಸಲಹೆ ಕೊಡ್ತೀನಿ. ಈಗ ಆಫೀಸ್ ಟೈಮು."

ಪಾಲಕಿ ಮೂರು ಕಾಲಿನ ಏಣಿ ಕೊಟ್ಟಳು. ಅಲ್ಲಿಂದ ಮುಂದೆ ಕೆಲಸ ಕ್ರಮಬದ್ಧವಾಗಿ ಸಾಗಿತು. ಪ್ರತಿ ಬ್ಯಾನರಿಗೂ ಎರಡು ಏಣಿ: ಕಟ್ಟುವುದಕ್ಕೊಂದು, ಬಿಚ್ಚುವುದಕ್ಕೊಂದು. ಹೋರಾಟ ತೀವ್ರವಾದಷ್ಟೂ ಹಾಲ್ ಖಾಲಿಯಾಯಿತು. ಬೀದಿಗೆ ಬಂದ ಏಣಿಗಳು ಜನರಿಗೆ ಬಹಳ ಅನುಕೂಲವಾದವು. ಟೈಲರ್ ಅಂಗಡಿಯವನು ಒಂದರ ಮೇಲೆ ಹೊಲಿದ ಅಂಗಿಗಳನ್ನು ನೇತುಹಾಕಿದ. ಚಕ್ರದ ಏಣಿಯ ಮೇಲೆ ಯಾರೋ ತರಕಾರಿ ಜೋಡಿಸಿಕೊಂಡು ವ್ಯಾಪಾರಕ್ಕೆ ಹೊರಟರು. ಹಗ್ಗದ ಏಣಿ ಎರಡು ಮರಗಳ ನಡುವೆ ತೊಟ್ಟಿಲಾಯಿತು.

ಪಾಲಕಿ ಸಂಜೆ ಹೊತ್ತು ಕೈಯಲ್ಲೊಂದು ಬಟ್ಟೆ ಹಿಡಿದು ಬೀದಿ ಬೀದಿ ಸುತ್ತುತ್ತಿದ್ದಳು. ಸಿಕ್ಕ ಏಣಿಗಳನ್ನೆಲ್ಲ ಒರೆಸುತ್ತಿದ್ದಳು. ಮಳೆಗೆ ಮರ ಊದಿಕೊಂಡಿದ್ದರೆ ಅಲ್ಲೇ ನಿಂತು ಮತ್ತೆ ಮತ್ತೆ ಒರೆಸುತ್ತಿದ್ದಳು. ಒಂದು ದಿನ ನೋಡಿದರೆ ಎಲ್ಲ ಏಣಿಗಳ ಮೇಲೂ ಕೆಂಪು ಬಣ್ಣದಲ್ಲಿ ನಂಬರು ಬಿದ್ದಿತ್ತು. ಪುರಸಭೆಗೆ ಏಣಿ ಬಾಡಿಗೆ ಕೊಡುವ ಗುತ್ತಿಗೆಯನ್ನು ಮುಖ್ಯಾಧಿಕಾರಿಗಳ ಅಳಿಯನಿಗೆ ವಹಿಸಲಾಗಿತ್ತು.

"ಇವೆಲ್ಲ ನಮ್ಮವಲ್ವಾ ಭಾವ?"

"ಬಾಡಿಗೆ ಬಿಲ್ ಆಗ್ಬೇಕಾದ್ರೆ ಏಣಿ ಒಬ್ಬ ಗುತ್ತಿಗೆದಾರಂದು ಅಂತ ಇರ್ಬೇಕಮ್ಮ. ಸಂಗ್ರಹಾಲಯದ್ದು, ಪುಕ್ಕಟೆ ಕೊಟ್ಟಿದ್ದು ಅಂತ ಬರೆದ್ರೆ ಬಿಲ್ ಹೇಗೆ ಮಾಡೋದು, ನೀನೇ ಹೇಳು."

ಆಕೆ ಬಟ್ಟೆ ಹಿಡಿದು ಮುಂದಿನ ಏಣಿಯತ್ತ ನಡೆದಳು.

ಮುಚ್ಚುವ ಮೊದಲು ಒಮ್ಮೆ ತಪಾಸಣೆ ಮಾಡಬೇಕೆಂಬ ನಿಯಮವಿದೆ. ಮುಖ್ಯಾಧಿಕಾರಿಗಳು ಬಂದಾಗ ಹಾಲಿನಲ್ಲಿ ಉಳಿದಿದ್ದದ್ದು ಗೋಡೆಯ ತುಂಬ ವಿವರದ ಚೀಟಿಗಳು ಮತ್ತು ಮೂಲೆಯಲ್ಲಿ ಅಪ್ಪನ ಏಣಿ. ಅದನ್ನು ಯಾರು ಕೇಳಿದರೂ ಆಕೆ ಕೊಟ್ಟಿರಲಿಲ್ಲ. ಮುಖ್ಯಾಧಿಕಾರಿಗಳು ಕೈ ಹಿಂದೆ ಕಟ್ಟಿಕೊಂಡು ಒಂದೊಂದು ಚೀಟಿಯನ್ನೂ ಓದಿದರು. 'ಏಣಿಗಳನ್ನು ಹತ್ತಬಾರದು' ಎಂಬ ಬೋರ್ಡಿನ ಮುಂದೆ ನಿಂತರು.

"ಇದನ್ನ ಯಾರಾದ್ರೂ ಮೀರ್ತಾರೇನ್ರೀ?"

"ಇಲ್ಲ ಸರ್. ಏಣಿಗಳೇ ಇಲ್ಲ."

"ವೆರಿ ಗುಡ್. ಗಾಳಿ ಬೆಳಕು ಚೆನ್ನಾಗಿದೆ. ಧೂಳಿಲ್ಲ. ಮುಂಚೆ ಹೀಗಿರಲಿಲ್ಲ ಅಂತ ಕೇಳಿದ್ದೆ."

ಹೊಸ ಆದೇಶ ಬಂತು. ಏಣಿಗಳನ್ನು ಈಗ ಊರಿನ ತುಂಬ ಜನ ಹತ್ತುತ್ತಿರುವುದರಿಂದ ಮೊದಲ ಕಾರಣ ಉಳಿದಿಲ್ಲ. ಸಂಗ್ರಹಾಲಯದೊಳಗೆ ಏಣಿ ಇಲ್ಲವಾದ್ದರಿಂದ ಬೀಳುವ ಸಂಭವವೂ ಇಲ್ಲ. ಆದ್ದರಿಂದ ಸಂಗ್ರಹಾಲಯವನ್ನು ಮುಚ್ಚಬೇಕಾಗಿಲ್ಲ. ಷರತ್ತು ಒಂದೇ: ಸಂಗ್ರಹಾಲಯವನ್ನು ಇನ್ನು ಮುಂದೆಯೂ ಏಣಿರಹಿತವಾಗಿ ನಡೆಸಿಕೊಂಡು ಬರತಕ್ಕದ್ದು, ಮೂಲೆಯಲ್ಲಿ ಕಂಡುಬಂದಿರುವ ಒಂದು ಏಣಿಯನ್ನು ಪಾಲಕಿಯು ಕೂಡಲೇ ತೆರವುಗೊಳಿಸತಕ್ಕದ್ದು.

ಸಮಿತಿಯವರು ಕುಣಿದಾಡಿದರು. ಹೆಡ್‌ಮಾಸ್ಟರು ಮೊಟ್ಟಮೊದಲ ಬಾರಿ ಹಾಲಿನ ಸುತ್ತ ಒಂದು ಸುತ್ತು ಹಾಕಿ, "ಇಂಥಾ ಸಂಪತ್ತನ್ನ ಕಳ್ಕೊಂಡುಬಿಡ್ತಿದ್ವಲ್ಲ" ಎಂದು ಕಣ್ಣೊರೆಸಿಕೊಂಡರು. ಪಾಲಕಿಗೂ ಕಣ್ಣಲ್ಲಿ ನೀರು ಬಂತು. ಅದನ್ನು ಆನಂದಬಾಷ್ಪವೆಂದು ನಡಾವಳಿಯಲ್ಲಿ ದಾಖಲಿಸಬೇಕೆಂದು ಅಧ್ಯಕ್ಷರು ಸೂಚಿಸಿದರು. ಆಕೆಯೇ ದಾಖಲಿಸಿದಳು.

ಅಪ್ಪನ ಏಣಿಯನ್ನು ಹೆಗಲ ಮೇಲೆ ಹೊತ್ತು ಮನೆಗೆ ತಂದಳು. ಎರಡು ಕೋಣೆಯ ಬಾಡಿಗೆ ಮನೆ. ಮುಂದಿನ ಕೋಣೆಯ ಅಟ್ಟಕ್ಕೆ ಒರಗಿಸಿದರೆ ಏಣಿಯ ಬುಡ ಬಾಗಿಲಿಗೆ ತಾಗುತ್ತಿತ್ತು, ಬಾಗಿಲು ಪೂರ್ತಿ ಮುಚ್ಚುತ್ತಿರಲಿಲ್ಲ. ಆಕೆಗೆ ಅದೇನೂ ಬೇಸರವಾಗಲಿಲ್ಲ.

ಇತ್ತ ಹೋರಾಟದಿಂದ ಸಂಗ್ರಹಾಲಯದ ಹೆಸರು ದೂರದೂರಕ್ಕೆ ಹಬ್ಬಿತ್ತು. ಜನ ಬರತೊಡಗಿದರು. ಚೀಟಿಗಳನ್ನೆಲ್ಲ ಓದಿ ಮುಗಿಸಿ, ಸಂಕೋಚದಿಂದ, "ಏಣಿ ಎಲ್ಲಿದೆ ಮೇಡಂ?" ಎಂದು ಕೇಳುವರು. ಸುಳ್ಳು ಹೇಳಿ ಅಭ್ಯಾಸವಿಲ್ಲದ ಪಾಲಕಿ, "ಒಂದಿದೆ, ನಮ್ಮನೇಲಿ. ಐದು ಗಂಟೆ ಮೇಲೆ ಬನ್ನಿ" ಎನ್ನುವಳು. ಬಂದವರಿಗೆ ಅಪ್ಪ ಮರ ಆರಿಸುತ್ತಿದ್ದ ರೀತಿ, ಮೊಳೆ ಹೊಡೆಯದೆ ಮೆಟ್ಟಿಲು ಕೂರಿಸುತ್ತಿದ್ದ ರೀತಿ ಹೇಳುವಳು. ಮಕ್ಕಳು ದಡದಡ ಹತ್ತಿ ಅಟ್ಟದ ಮೇಲೆ ಕೂತು ಕೆಳಗಿದ್ದವರ ತಲೆ ನೋಡಿ ನಗುವರು. ಇಷ್ಟು ವರ್ಷದ ನೌಕರಿಯಲ್ಲಿ ಆಕೆ ಇಷ್ಟು ಖುಷಿಯಾಗಿ ಎಂದೂ ಇರಲಿಲ್ಲ.

ಹೋರಾಟ ಮುಗಿದಿದ್ದರೂ ಸಮಿತಿ ಮುಗಿದಿರಲಿಲ್ಲ. ಅದಕ್ಕೆ ರಬ್ಬರ್ ಸ್ಟಾಂಪ್ ಇತ್ತು. ಜನ ಸಂಗ್ರಹಾಲಯಕ್ಕಿಂತ ಹೆಚ್ಚಾಗಿ ಒಂದು ಮನೆಗೆ ಹೋಗುತ್ತಿರುವ ಆತಂಕಕಾರಿ ಬೆಳವಣಿಗೆ ಅದರ ಗಮನಕ್ಕೆ ಬಂತು. ತುರ್ತು ಸಭೆ ಸೇರಿತು.

"ಏಣಿ ತೋರಿಸಿ ಜನರನ್ನ ಸೆಳೆಯೋದು ಅಗ್ಗದ ತಂತ್ರ. ಇದು ಹೀಗೇ ಮುಂದುವರಿದ್ರೆ ನಾವು ರಕ್ತ ಬಸಿದು ಉಳಿಸಿದ ಸಂಗ್ರಹಾಲಯದ ಗತಿಯೇನು? ಆ ಅನಧಿಕೃತ ಸಂಗ್ರಹಾಲಯ ಮುಚ್ಚಲೇಬೇಕು. ಬರ್ಕೊಳ್ಳಿ ಅಮ್ಮ," ಎಂದರು ಹೆಡ್‌ಮಾಸ್ಟರು.

"ಸರ್, ಅದು ನನ್ನ ಮನೆ."

"ವೈಯಕ್ತಿಕ ವಿಷಯ ಸಮಿತಿಗೆ ತರಬಾರದು."

ಆಕೆ ಬರೆದುಕೊಂಡಳು. ಏಣಿಯನ್ನು ಜಪ್ತಿ ಮಾಡಿ ಗುತ್ತಿಗೆದಾರರಿಗೆ ಒಪ್ಪಿಸುವ ಪುರಸಭೆಯ ಆದೇಶವನ್ನು ಭಾವ ಮರುದಿನವೇ ತಂದರು. ಅಕ್ಕನ ಮನೆಗೆ ಊಟಕ್ಕೆ ಬರಬೇಕೆಂದೂ ಹೇಳಿದರು.

ಆ ಬೆಳಿಗ್ಗೆಯೇ ಸಮಿತಿ ಆಕೆಯ ಮನೆ ಮುಂದೆ ಸೇರಿತು. ಗುತ್ತಿಗೆದಾರನ ಆಳು ಕೆಂಪು ಬಣ್ಣದ ಡಬ್ಬ ಹಿಡಿದು ಕಟ್ಟೆಯ ಮೇಲೆ ಕೂತಿದ್ದ. 'ಅನಧಿಕೃತ ಸಂಗ್ರಹಾಲಯ ಮುಚ್ಚಿ' ಎಂಬ ಬ್ಯಾನರನ್ನು ಆಕೆಯ ಬಾಗಿಲ ಮೇಲೆ ಕಟ್ಟಿದ ನಂತರವೇ ಜಪ್ತಿ ಎಂದು ಕಾರ್ಯಕ್ರಮ ನಿಗದಿಯಾಗಿತ್ತು. ಪೇಂಟರು ತಲೆ ಕೆರೆದುಕೊಳ್ಳುತ್ತ ಬಾಗಿಲಿಗೆ ಬಂದ.

"ಅಕ್ಕಾ, ಬೇರೆ ಏಣಿಗೆಲ್ಲ ಬಾಡಿಗೆ ಕೇಳ್ತಾರೆ. ನಿಮ್ಮದನ್ನ ಒಂದು ಗಳಿಗೆ ಕೊಡ್ತೀರಾ? ಮೆಟ್ಟಿಲು ಹತ್ತಿರ ಹತ್ತಿರ ಇದೆ, ನನ್ನ ಮಂಡಿಗೂ ಹಿತ."

ಆಕೆ ಏಣಿಯನ್ನು ತಾನೇ ಹೊರಗೆ ತಂದು ಗೋಡೆಗೆ ಒರಗಿಸಿದಳು. ಪೇಂಟರು ಹತ್ತಿದ. ಆಕೆ ಬುಡದಲ್ಲಿ ನಿಂತು ಎರಡೂ ಕೈಯಲ್ಲಿ ಏಣಿ ಹಿಡಿದುಕೊಂಡಳು. ಮರ ಬೆಚ್ಚಗಿತ್ತು.

"ನೆಟ್ಟಗಿದೆಯಾ ಅಕ್ಕ?"

"ಎಡಗಡೆ ಸ್ವಲ್ಪ ತಗ್ಗಿದೆ."

ಅವನು ಬಿಚ್ಚಿ ಮತ್ತೆ ಕಟ್ಟಿದ.

"ಈಗ?"

"ಈಗ ಬಲಗಡೆ."

ಬ್ಯಾನರ್ ಮೊದಲೇ ನೆಟ್ಟಗಿತ್ತು. ಬೀದಿಯಲ್ಲಿದ್ದ ಎಲ್ಲರಿಗೂ ಅದು ಕಾಣುತ್ತಿತ್ತು. ಆದರೂ ಯಾರೂ ಅವಸರ ಮಾಡಲಿಲ್ಲ. ಸ್ವಂತ ಮನೆಯ ವಿರುದ್ಧದ ಬ್ಯಾನರಿನ ವಿಷಯದಲ್ಲೂ ಇಷ್ಟು ಶ್ರದ್ಧೆ ತೋರಿಸುವ ಕಾರ್ಯದರ್ಶಿ ತಮ್ಮ ಸೇವಾವಧಿಯಲ್ಲೇ ಸಿಕ್ಕಿರಲಿಲ್ಲವೆಂದು ಹೆಡ್‌ಮಾಸ್ಟರು ಕೊಂಡಾಡಿದರು. ಅಭಿನಂದನಾ ನಿರ್ಣಯ ಸ್ಥಳದಲ್ಲೇ ಸರ್ವಾನುಮತದಿಂದ ಪಾಸಾಯಿತು.

"ಇದನ್ನ ಬರ್ಕೊಳ್ಳಿ ಅಮ್ಮ," ಎಂದರು.

"ಬರ್ಕೋತೀನಿ ಸರ್. ಕೈ ಬಿಟ್ರೆ ಏಣಿ ಜಾರುತ್ತೆ," ಎಂದು ಪಾಲಕಿ ತಲೆಯೆತ್ತಿ ಮೇಲೆ ನೋಡಿದಳು. "ಇನ್ನೊಂಚೂರು ಎಡಕ್ಕೆ."