ಅಡ್ಡ ಎಳೆದರೆ ಕಾಣುವ ಅಂಗಡಿ

ಅಚ್ಚಿನ ಕೆಲಸದವನು ಮಾಡಿದ ತಪ್ಪು ಐನೂರು ಪ್ರತಿಯಾಗಿ ಊರೂರು ಸುತ್ತುತ್ತದೆ. ಬೇರೆ ಕಸುಬಿನವರ ತಪ್ಪಿಗೆ ಇಷ್ಟು ಪ್ರಚಾರವಿಲ್ಲ. ಬಡಗಿ ಕುರ್ಚಿಯ ಕಾಲು ಗಿಡ್ಡ ಮಾಡಿದರೆ ಅಡಿಗೊಂದು ರಟ್ಟು ಇಟ್ಟು ಕೂರುತ್ತಾರೆ. ನಾನು ವಧುವಿನ ಜಾಗದಲ್ಲಿ ವರನ ಹೆಸರು ಹಾಕಿದರೆ ಏನು ಇಟ್ಟರೂ ಸರಿಹೋಗುವುದಿಲ್ಲ. ಹಾಗಾಗಿ ಶಿರಾಳಕೊಪ್ಪದ ಸಂತೆಗೆ ಹೋಗುವ ದಾರಿಯಲ್ಲಿರುವ ನನ್ನ ಪುಟ್ಟ ಪ್ರೆಸ್ಸಿನಲ್ಲಿ ಮೂವತ್ತು ವರ್ಷ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತವನು ನಾನು. ಗೃಹಪ್ರವೇಶದ ಕರೆಯೋಲೆಗೆ ವೈಕುಂಠ ಸಮಾರಾಧನೆಯ ಒಕ್ಕಣೆ ಸೇರಲು ಒಮ್ಮೆಯೂ ಬಿಟ್ಟವನಲ್ಲ. ಇಂಥ ನಾನು ಮಾಡಿದ ಒಂದು ತಪ್ಪು ಮಾತ್ರ ಮೂರು ವರ್ಷ ಲೋಕಕ್ಕೆಲ್ಲ ಕಾಣುವ ಹಾಗೆ ತೂಗಾಡುತ್ತಿತ್ತು. ಕಾಣದೆ ಇದ್ದದ್ದು ನನಗೊಬ್ಬನಿಗೆ. ಅದು ನನ್ನ ಪ್ರೆಸ್ಸಿನ ವೆಬ್‌ಸೈಟು.

ಅದರ ಕಥೆ ಹೇಳುವ ಮೊದಲು ಲಗ್ನಪತ್ರಿಕೆಯ ಬಗ್ಗೆ ಎರಡು ಮಾತು ಹೇಳಬೇಕು, ಏಕೆಂದರೆ ನನ್ನ ಬುದ್ಧಿ ಕೆಟ್ಟದ್ದು ಅಲ್ಲಿಂದಲೇ. ನಮ್ಮ ಕಡೆ ಪತ್ರಿಕೆ ಹಾಕಿಸುವುದೆಂದರೆ ಒಬ್ಬರು ಬಂದು ಹೇಳಿ ಹೋಗುವ ಕೆಲಸವಲ್ಲ. ಜೀಪು ಮಾಡಿಕೊಂಡು ಬರುತ್ತಾರೆ. ಯಾರ ಹೆಸರು ಮೇಲೆ, ಯಾರದು ಕೆಳಗೆ, ತೀರಿಕೊಂಡ ಅಜ್ಜನ ಹೆಸರು ಎಲ್ಲಿ, ಮಾತು ಬಿಟ್ಟಿರುವ ಚಿಕ್ಕಪ್ಪನದು ಹಾಕಬೇಕೋ ಬೇಡವೋ ಎಂಬುದೆಲ್ಲ ನನ್ನ ಅಂಗಡಿಯ ಬೆಂಚಿನ ಮೇಲೆಯೇ ತೀರ್ಮಾನವಾಗಬೇಕು. ಬಂದಳಿಕೆಯ ಒಬ್ಬ ಯಜಮಾನರು ಅಚ್ಚಾದ ಪತ್ರಿಕೆ ಹಿಡಿದುಕೊಂಡು ಬಂದು, "ಏನ್ರೀ, ನನ್ನ ಹೆಸರು ಸರಿಯಾಗಿ ಮಡಿಕಿ ಮ್ಯಾಲೆ ಕೂರ್ಸೀರಲ್ಲ, ಮಡಚಿದಾಗೆಲ್ಲ ನನ್ನ ಸೊಂಟ ಮುರೀತೈತಿ" ಎಂದು ಜಗಳ ತೆಗೆದಿದ್ದರು. ಇಷ್ಟೆಲ್ಲ ಹೆಸರುಗಳನ್ನು ಮರ್ಯಾದೆಯಿಂದ ಕೂರಿಸಿದ ಮೇಲೆ ಕೊನೆಗೆ, ಬಲಗಡೆ ಕೆಳಮೂಲೆಯಲ್ಲಿ, ಇರುವುದರಲ್ಲೇ ಚಿಕ್ಕ ಅಕ್ಷರದಲ್ಲಿ ಪ್ರೆಸ್ಸಿನವನ ಹೆಸರು ಮತ್ತು ನಂಬರು. ಪಂಕ್ತಿಯಲ್ಲಿ ಬಡಿಸಿದವನು ಎಲ್ಲರ ಊಟವಾದ ಮೇಲೆ ಕೂರುತ್ತಾನಲ್ಲ, ಹಾಗೆ. ಅದು ನಮ್ಮ ಕಸುಬಿನ ಮರ್ಯಾದೆ.

ವ್ಯಾಪಾರಸ್ಥರಿಗೆಲ್ಲ ವೆಬ್‌ಸೈಟ್ ಬೇಕು ಎಂಬ ಗಾಳಿ ನಮ್ಮೂರಿಗೂ ಬೀಸಿದಾಗ ನಾನು ಯಾರನ್ನೂ ಕೇಳಲಿಲ್ಲ. ಅಕ್ಷರ ಜೋಡಿಸುವುದನ್ನು ನನಗೆ ಇನ್ನೊಬ್ಬರು ಹೇಳಿಕೊಡುವುದೇ? ಪ್ರೆಸ್ಸಿನ ಕಂಪ್ಯೂಟರಿನ ದೊಡ್ಡ ಪರದೆಯ ಮುಂದೆ ಕೂತು, ಬಿಚ್ಚಿಟ್ಟ ನಾಲ್ಕು ಮಡಿಕೆಯ ಲಗ್ನಪತ್ರಿಕೆಯ ಹಾಗೆ ಇಡೀ ಸೈಟನ್ನು ಒಂದೇ ಅಗಲ ಪುಟವಾಗಿ ಕೂರಿಸಿದೆ. ನೆತ್ತಿಯ ಮೇಲೆ ಗಣಪತಿ. ಹಿನ್ನೆಲೆಗೆ ಗುಡವಿ ಕೆರೆಯ ಹಕ್ಕಿಗಳ ಫೋಟೊ. ಎಡಗಡೆ ನನ್ನ ತಂದೆಯವರ ಆಶೀರ್ವಾದ, ನಡುವೆ ಮಾದರಿಗಳು, ಬಲಗಡೆ ಕೆಳಮೂಲೆಯಲ್ಲಿ ಅತಿ ಚಿಕ್ಕ ಅಕ್ಷರದಲ್ಲಿ ನನ್ನ ನಂಬರು. ಅಕ್ಷರಗಳು ಅಲುಗಾಡಬಾರದೆಂದು ಎಲ್ಲವನ್ನೂ ಸೇರಿಸಿ ಒಂದೇ ಚಿತ್ರ ಮಾಡಿಬಿಟ್ಟೆ. ಅದನ್ನು ಲೋಕಕ್ಕೆ ತೂಗುಹಾಕಿಕೊಟ್ಟವರು ಶಿಕಾರಿಪುರದಲ್ಲಿ ಕಂಪ್ಯೂಟರ್ ಕಲಿಸುವ ಕವಿತಾ ಮೇಡಂ. ಅವರು ಮೆತ್ತಗೆ, "ಸರ್, ಇದನ್ನ ಫೋನಲ್ಲಿ ನೋಡಿದ್ರಾ? ಅಕ್ಷರ ಕಾಣಲ್ಲ. ಫೋನಿಗೆ ಹೊಂದೋ ಥರ ಬೇರೆ ಮಾಡ್ಬೇಕು" ಎಂದರು. ನಾನು, "ಮೇಡಂ, ಫೋನ್ ಇರೋದು ಮಾತಾಡೋಕೆ" ಎಂದೆ. ಆ ಮಾತು ಎಷ್ಟು ಚೆನ್ನಾಗಿದೆ ಎಂದು ನಾಲ್ಕು ಜನರಿಗೆ ಹೇಳಿಕೊಂಡು ಬೇರೆ ತಿರುಗಿದೆ.

ಆಮೇಲೆ ಗಿರಾಕಿಗಳು ಕಮ್ಮಿಯಾದರು. ಸೊರಬದ ಕಡೆಯ ಜನ ಬರುವುದು ನಿಂತೇಹೋಯಿತು. ನಾನು ಜನರ ನಿಯತ್ತನ್ನು ಬೈದೆ, ಕಾಲವನ್ನು ಬೈದೆ, ಕಾಗದದ ಮಿಲ್ಲಿನವರನ್ನು ಬೈದೆ. ವೆಬ್‌ಸೈಟನ್ನು ಬೈಯಬೇಕೆಂದು ಹೊಳೆಯಲೇ ಇಲ್ಲ. ಅದು ನನ್ನ ದೊಡ್ಡ ಪರದೆಯಲ್ಲಿ ದಿನಾ ಬೆಳಿಗ್ಗೆ ಮದುವಣಗಿತ್ತಿಯ ಹಾಗೆ ಕಾಣುತ್ತಿತ್ತು.

ಹೀಗಿರುವಾಗ ಸೊರಬದಲ್ಲಿರುವ ನನ್ನ ಅಕ್ಕ ಗಿರಿಜಳ ಮಗಳು ರಶ್ಮಿಗೆ ಶಿಕಾರಿಪುರದ ಗಂಡು ಗೊತ್ತಾಯಿತು. ನಾನು ಒಬ್ಬನೇ ಸೋದರಮಾವ. ನಮ್ಮ ಮನೆತನದ ಯಾವ ಪತ್ರಿಕೆಯೂ ನನ್ನ ಪ್ರೆಸ್ಸು ಬಿಟ್ಟು ಹೊರಗೆ ಅಚ್ಚಾದದ್ದಿಲ್ಲ. ನಾಲ್ಕು ಮೂಲೆಗೆ ಅರಿಸಿನ ಹಚ್ಚಿ ಮೊದಲ ಪ್ರತಿಯನ್ನು ದೇವರ ಮುಂದೆ ಇಡುವವನೂ ನಾನೇ. ರಶ್ಮಿಗೆಂದು ಕೆನೆಬಣ್ಣದ ದಪ್ಪ ಕಾಗದವನ್ನು ಬೇರೆ ತೆಗೆದಿಟ್ಟೆ. ಅವಳ ಹೆಸರನ್ನು ಏಳು ಥರದ ಅಕ್ಷರಗಳಲ್ಲಿ ಬರೆದು ನೋಡಿದೆ. ಜೀಪಿನ ಸದ್ದಾದಾಗೆಲ್ಲ ಬಾಗಿಲಿಗೆ ಬಂದೆ.

ಒಂದು ಮಧ್ಯಾಹ್ನ ಊಟಕ್ಕೆ ಕೂತಿದ್ದಾಗ ಹೆಂಡತಿ ವಿಶಾಲ ಫೋನು ಹಿಡಿದುಕೊಂಡು ಅಡುಗೆಮನೆಯಿಂದ ಬಂದಳು. "ರೀ, ರಶ್ಮಿ ಪತ್ರಿಕೆ ಬಂತು ನೋಡಿ. ಎಷ್ಟು ಚೆಂದ ಮಾಡಿದ್ದೀರಿ! ನಂಗೆ ಹೇಳ್ಲೇ ಇಲ್ಲ."

"ನಾನೆಲ್ಲಿ ಮಾಡ್ದೆ?" ಎಂದೆ.

ಫೋನು ಕಸಿದುಕೊಂಡು ಎಲ್ಲಕ್ಕಿಂತ ಮೊದಲು ಬಲಗಡೆ ಕೆಳಮೂಲೆ ನೋಡಿದೆ. ಶಿಕಾರಿಪುರದ ಮೊನ್ನೆ ಮೊನ್ನೆ ಶುರುವಾದ ಒಂದು ಪ್ರೆಸ್ಸಿನ ಹೆಸರಿತ್ತು. ಕನ್ನಡಕ ಹಾಕಿಕೊಂಡು ಪತ್ರಿಕೆಯಲ್ಲಿ ತಪ್ಪು ಹುಡುಕತೊಡಗಿದೆ. ದೇವರೇ, ಒಂದು ಒತ್ತಕ್ಷರವಾದರೂ ಬಿದ್ದುಹೋಗಿರಲಿ ಎಂದು ಬೇಡಿಕೊಂಡೆ. ಒಂದೂ ಇಲ್ಲ. ಸೋದರಮಾವನ ಸಾಲಿನಲ್ಲಿ ನನ್ನ ಹೆಸರು, ಇನಿಷಿಯಲ್ ಸಮೇತ, ಮಡಿಕೆಯಿಂದ ದೂರ, ಬಹಳ ಮರ್ಯಾದೆಯಿಂದ ಕೂತಿತ್ತು. ಅರ್ಧ ಊಟಕ್ಕೇ ಕೈ ತೊಳೆದೆ.

ಮರುದಿನವೇ ಸೊರಬದ ಬಸ್ಸು ಹತ್ತಿದೆ. ಅಕ್ಕ ಕಾಫಿ ಲೋಟ ಇಟ್ಟು, ಕೇಳುವ ಮೊದಲೇ ಶುರುಮಾಡಿದಳು. "ನಂಗೇನ್ ಗೊತ್ತಾಗುತ್ತೆ ಮಾರಾಯ. ಎರಡೂ ಕಡೆದು ಸೇರ್ಸಿ ನಾವೇ ಹಾಕಿಸ್ತೀವಿ ಅಂದ್ರು ಗಂಡಿನ ಕಡೆಯೋರು. ಬೀಗರ ಹತ್ರ ಹಟ ಮಾಡಕ್ಕಾಗುತ್ತಾ?"

ಅವಳು ಒಳಗೆ ಹೋದ ಮೇಲೆ ರಶ್ಮಿ ನಿಜ ಹೇಳಿದಳು. "ಮಾಮ, ನಾನು ಮೊದ್ಲು ನಿಮ್ಮ ಸೈಟೇ ಕಳ್ಸಿದ್ದೆ. ಅವರ ಮನೇಲಿ ಎಲ್ಲಾ ಕೂತ್ಕೊಂಡು ಫೋನಲ್ಲಿ ತೆಗೆದ್ರು. ಅಡ್ಡ ಎಳೆದ್ರು, ಉದ್ದ ಎಳೆದ್ರು, ಬರೀ ಹಕ್ಕಿ ಕೊಕ್ಕು ಕಾಣುತ್ತೆ. ಆಮೇಲೆ ಅವರ ಅಕ್ಕ, 'ಫೋನಲ್ಲಿ ಓದಕ್ಕಾಗೋ ಹಾಗೆ ಮಾಡಕ್ಕೆ ಬರದೋರು ಪತ್ರಿಕೆ ಏನ್ ಮಾಡ್ತಾರೆ' ಅಂದ್ರು."

"ನಮ್ಮ ಮಾಮನ ಪ್ರೆಸ್ಸು ಅಂತ ಹೇಳ್ಬೇಕಿತ್ತು ನೀನು."

ಅವಳು ಕಾಫಿ ಲೋಟ ನೋಡುತ್ತ, "ಹೇಳೋಣ ಅಂತಾನೇ ಇದ್ದೆ ಮಾಮ. ಅಷ್ಟ್ರಲ್ಲಿ ಎಲ್ರೂ ನಕ್ಕುಬಿಟ್ರು. ಆಮೇಲೆ ಹೇಳಕ್ಕಾಗ್ಲಿಲ್ಲ" ಎಂದಳು.

ಬೈದಿದ್ದರೆ ಸಹಿಸುತ್ತಿದ್ದೆ. ತೊಟ್ಟಿಲಿಗೆ ಹಾಕಿದ ದಿನದ ಕರೆಯೋಲೆಯಿಂದ ಹಿಡಿದು ಆ ಹುಡುಗಿಯ ಹೆಸರನ್ನು ಅಚ್ಚು ಹಾಕಿದವನು ನಾನು. ನನ್ನ ಹೆಸರು ಹೇಳಲು ಅವಳಿಗೆ ನಾಚಿಕೆಯಾಯಿತು. ತಪ್ಪು ಅವಳದಲ್ಲ ಎಂದು ಗೊತ್ತಿದ್ದದ್ದರಿಂದ ಸಂಕಟ ಇನ್ನೂ ಹೆಚ್ಚಾಯಿತು.

ವಾಪಸು ಬರುವ ಬಸ್ಸಿನಲ್ಲಿ ನನ್ನ ಸೈಟನ್ನು ನಾನೇ ಮೊದಲ ಬಾರಿಗೆ ಫೋನಿನಲ್ಲಿ ತೆಗೆದೆ. ಗಣಪತಿ ಕಡಲೆಕಾಳಿನಷ್ಟಾಗಿದ್ದ. ಬೆರಳಿನಿಂದ ಹಿಗ್ಗಿಸಿದರೆ ತಂದೆಯವರ ಆಶೀರ್ವಾದ ಪರದೆಯಿಂದ ಆಚೆ ಹೋಗುತ್ತಿತ್ತು. ನನ್ನ ನಂಬರು ಹುಡುಕಲು ನನಗೇ ಅರ್ಧ ದಾರಿ ಹಿಡಿಯಿತು. ಸಿಕ್ಕಿತು ಎಂದು ಒತ್ತಿದರೆ ಅದು ಬರೀ ಚಿತ್ರ, ಕರೆ ಹೋಗುವುದಿಲ್ಲ. ಫೋನು ಇರುವುದು ಮಾತಾಡಲು ಎಂದವನ ಜೊತೆ ಮಾತಾಡುವ ದಾರಿಯೇ ಇರಲಿಲ್ಲ. ಸುತ್ತ ನೋಡಿದೆ. ನಿಂತವರೆಲ್ಲರ ಒಂದು ಕೈಯಲ್ಲಿ ಕಂಬಿ, ಇನ್ನೊಂದರಲ್ಲಿ ಫೋನು. ಆ ಒಂದು ಹೆಬ್ಬೆರಳಿಗೆ ಸಿಗುವಷ್ಟೇ ಈಗ ಪೇಟೆ. ದೊಡ್ಡ ಕಂಪನಿಯವರ ಪುಟ ತೆರೆಯದಿದ್ದರೆ ಜನ ಇನ್ನೊಮ್ಮೆ ಪ್ರಯತ್ನಿಸುತ್ತಾರೆ. ನಮ್ಮಂಥ ಸಣ್ಣ ಅಂಗಡಿಯವರಿಗೆ ಆ ಇನ್ನೊಮ್ಮೆ ಇಲ್ಲ. ಅಂಗಡಿ ಮುಚ್ಚಿದೆ ಎಂದುಕೊಂಡು ಮುಂದೆ ಹೋಗುತ್ತಾರೆ.

ಜನರಿಗೆ ಎರಡು ನಿಮಿಷದ ತಾಳ್ಮೆಯಿಲ್ಲ ಎಂದು ಕುದಿಯುತ್ತಲೇ, ಪ್ರೆಸ್ಸಿನ ಕಾಗದ ಕತ್ತರಿಸುವ ಮಷಿನ್ನಿನ ಬ್ಲೇಡು ಸಾಣೆ ಹಿಡಿಯುವವರು ಯಾರಾದರೂ ಇದ್ದಾರೆಯೇ ಎಂದು ಅದೇ ಫೋನಿನಲ್ಲಿ ಹುಡುಕಿದೆ. ಮೊದಲು ಸಿಕ್ಕವರ ಪುಟ ಸಾಸಿವೆ ಚೆಲ್ಲಿದ ಹಾಗೆ ತೆರೆದುಕೊಂಡಿತು. "ಥೂ" ಎಂದು ಮುಚ್ಚಿ ಎರಡನೆಯವರಿಗೆ ಫೋನು ಮಾಡಿದೆ. ಮಾತು ಮುಗಿಸಿ ಫೋನು ಜೇಬಿಗಿಟ್ಟ ಮೇಲೆ ಹೊಳೆಯಿತು: ಆ ಮೊದಲನೆಯವನೂ ಯಾವುದೋ ಹುಡುಗಿಗೆ ಸೋದರಮಾವನೇ ಇರಬೇಕು.

ಮಾರನೆಯ ದಿನ ಕವಿತಾ ಮೇಡಂ ಮುಂದೆ ಹೋಗಿ ಕೈಕಟ್ಟಿ ನಿಂತೆ. ಪುಣ್ಯಾತ್ಗಿತ್ತಿ, ಹಳೆಯ ಮಾತು ಎತ್ತಲಿಲ್ಲ. ಹಕ್ಕಿಗಳನ್ನು ಕೆರೆಗೆ ಕಳಿಸಿದರು. ನನ್ನ ನಂಬರು ನೆತ್ತಿಯ ಮೇಲೆ, ದಪ್ಪ ಅಕ್ಷರದಲ್ಲಿ, ಒತ್ತಿದರೆ ಸಾಕು ನನ್ನ ಫೋನು ಬಡಿದುಕೊಳ್ಳುವ ಹಾಗೆ ಕೂರಿಸಿದರು. ಮದುವೆಯ ಹೊತ್ತಿಗೆ ಸೈಟು ಅಂಗೈಗೆ ಹೇಳಿ ಮಾಡಿಸಿದ ಹಾಗಿತ್ತು. ಗಂಡಿನ ಅಕ್ಕ ಎದುರಿಗೆ ಬಂದರೆ ಏನು ಹೇಳಬೇಕೆಂದು ವಾರಗಟ್ಟಲೆ ಬಾಯಿಪಾಠ ಮಾಡಿಕೊಂಡಿದ್ದೆ. "ಅವತ್ತು ನೀವು ನಕ್ಕಿರಲ್ಲ, ಆ ಹಕ್ಕಿಗಳ ಪ್ರೆಸ್ಸು ನಂದೇ ಕಣಮ್ಮ. ಈಗ ತೆಗೆದು ನೋಡಿ."

ರಶ್ಮಿಯನ್ನು ಕೈಹಿಡಿದು ಮಂಟಪಕ್ಕೆ ಕರೆತಂದೆ. ಧಾರೆ ಮುಗಿಯಿತು. ಊಟದ ಹಾಲಿನ ಬಾಗಿಲಲ್ಲಿ ಗಂಡಿನ ಅಕ್ಕ ತಾನಾಗಿಯೇ ಬಂದು ನಕ್ಕಳು. ಒಳ್ಳೆಯ ಹುಡುಗಿ. "ಅಂಕಲ್, ನೀವು ರಶ್ಮಿ ಸೋದರಮಾವ ಅಲ್ವಾ? ಶಿರಾಳಕೊಪ್ಪದಲ್ಲಿ ಏನ್ ಮಾಡ್ಕೊಂಡಿದ್ದೀರಿ?"

ಪಕ್ಕದಲ್ಲಿ ರಶ್ಮಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೀಗೇ, ಸ್ವಲ್ಪ ಪೇಪರ್ ವ್ಯಾಪಾರ ಕಣಮ್ಮ" ಎಂದೆ.

"ಹೌದಾ? ವೆಬ್‌ಸೈಟ್ ಇದೆಯಾ ಅಂಕಲ್?"

ಜೇಬಿನಲ್ಲಿದ್ದ ಫೋನನ್ನು ಅಂಗೈಯಿಂದ ಒತ್ತಿ ಹಿಡಿದುಕೊಂಡು, "ಇಲ್ಲಮ್ಮ, ಅದೆಲ್ಲ ನಮಗ್ಯಾಕೆ" ಎಂದೆ.