ಕುಂಕುಮ ಇಟ್ಟ ಸ್ವಿಚ್ಚು

ತಪ್ಪು ಮಾಡುವುದಕ್ಕೆ ನನಗೆ ಎಂದೂ ಸಂಕೋಚವಾಗಿಲ್ಲ ಮಕ್ಕಳೇ, ಅದನ್ನು ಬಾಯಿಬಿಟ್ಟು ಹೇಳುವುದಕ್ಕೇ ಆಗುವುದು. ಹಳ್ಳಿ ಶಾಲೆಯಲ್ಲಿ ಮೇಷ್ಟ್ರು ಪ್ರಶ್ನೆ ಕೇಳಿದರೆ ಉತ್ತರ ಗೊತ್ತಿದ್ದೂ ನೆಲ ನೋಡುತ್ತಿದ್ದವಳು ನಾನು. ಈ ಮೊಳಕಾಲ್ಮೂರಿಗೆ ಸೊಸೆಯಾಗಿ ಬಂದ ಹೊಸತರಲ್ಲಿ ನಿಮ್ಮ ತಾತನ ಮಗ್ಗದ ಲಾಳಿಗೆ ತುಸು ಬೇರೆ ಬಣ್ಣದ ರೇಷ್ಮೆ ತುಂಬಿಕೊಟ್ಟಿದ್ದೆ. ಆ ಕ್ಷಣವೇ ಗೊತ್ತಾಯಿತು, ಆದರೂ ಹೇಳಲಿಲ್ಲ. ಎರಡು ಮೊಳ ನೇಯ್ದ ಮೇಲೆ ನಮ್ಮತ್ತೆ ಬೆಳಕಿಗೆ ಹಿಡಿದು ನೋಡಿದರು. ನೇಯ್ದದ್ದು ಒಂದು ದಿನ, ಬಿಚ್ಚಿದ್ದು ಎರಡು ದಿನ.

ಹೋದ ತಿಂಗಳು ಅಂಥದೇ ಇನ್ನೊಂದು ನಡೆಯಿತು. ನಿಮ್ಮ ಸಿಂಧು ಅಕ್ಕ ಚಳ್ಳಕೆರೆಯ ಆಚೆ ಒಂದು ಲ್ಯಾಬಿನಲ್ಲಿ ರಕ್ತದ ಬಿಳಿಕಣಗಳ ಮೇಲೆ ಸಂಶೋಧನೆ ಮಾಡುತ್ತಾಳಲ್ಲ, ಒಂದು ಶನಿವಾರ ಐಸ್ ತುಂಬಿದ ಥರ್ಮೋಕೋಲ್ ಡಬ್ಬಿ ಹಿಡಿದು ಬಂದಳು. ಒಳಗೆ ನನ್ನ ಕಿರುಬೆರಳಿಗಿಂತ ಚಿಕ್ಕದೊಂದು ಬಾಟಲಿ. ಲ್ಯಾಬಿನಲ್ಲಿ ಎರಡು ದಿನ ಕರೆಂಟ್ ರಿಪೇರಿ.

"ಅಜ್ಜಿ, ಇದನ್ನ ಐಸ್ ಖಾನೇಲಿ ಇಟ್ಟಿರ್ತೀನಿ. ಸೋಮವಾರ ಬಂದು ಒಯ್ತೀನಿ."

"ಏನೇ ಅದು, ಔಷಧಿಯಾ?"

"ಔಷಧಿ ಅಲ್ಲ, ಆಂಟಿಬಾಡಿ. ಗುರುತು ಹಿಡಿಯೋದು. ಮೈಯಾಗೆ ರೋಗದ ಹುಳ ಹೊಕ್ಕರೆ ಬಿಳಿಕಣದೊಳಗೆ ಒಂದು ಪ್ರೋಟೀನು ಸುದ್ದಿ ಮುಟ್ಟಿಸ್ತೈತೆ. ಸುದ್ದಿ ಬಂದಾಗ ಅದರ ಮೈಮೇಲೆ ಫಾಸ್ಫೇಟ್ ಅಂತ ಒಂದು ಬೊಟ್ಟು ಬೀಳ್ತೈತೆ. ಬೊಟ್ಟು ಇದ್ದರೆ ಈ ಆಂಟಿಬಾಡಿ ಹೋಗಿ ಹಿಡ್ಕೊಳ್ತೈತೆ. ಬೊಟ್ಟಿಲ್ದಿದ್ರೆ, ಅದೇ ಪ್ರೋಟೀನು ಎದುರಿಗೇ ಕುಂತಿದ್ರೂ ಮಾತಾಡ್ಸಲ್ಲ."

"ಹಂಗಾದ್ರೆ ಅರಿಶಿನ ಕುಂಕುಮಕ್ಕೆ ಕರೆಯೋಕೆ ಬರೋ ನಮ್ಮ ಬೀದಿ ಹೆಂಗಸರ ಹಂಗೇ ಬಿಡು. ನಿಮ್ಮ ತಾತ ಹೋದ ಮೇಲೆ ಬಾಗಿಲಲ್ಲೇ ಕುಂತಿದ್ರೂ ನಾನು ಅವರಿಗೆ ಕಾಣಾದೇ ಇಲ್ಲ," ಎಂದೆ. ಸಿಂಧು ನಕ್ಕಳು, ಆಮೇಲೆ ನನ್ನ ಕೈ ಹಿಡಿದುಕೊಂಡಳು.

ನಮ್ಮ ಮನೆಯಲ್ಲಿ ಸೋಮವಾರವೆಂದರೆ ಶಿವನ ವಾರ, ಎಲ್ಲವನ್ನೂ ತೊಳೆಯಬೇಕು. ಫ್ರಿಜ್ಜನ್ನೂ. ಭಾನುವಾರ ಸಂಜೆ ದೀಪ ಹಚ್ಚಿ ಬರುವಾಗ, ಐಸು ಕರಗಲೆಂದು ಅದರ ಸ್ವಿಚ್ಚು ಆರಿಸುವುದು ವರ್ಷಗಳಿಂದ ನನ್ನ ಕೈಗೆ ಬಂದ ಕೆಲಸ. ತಲೆಯನ್ನು ಕೇಳುವ ಪದ್ಧತಿ ಕೈಗಿಲ್ಲ. ಸೋಮವಾರ ಬೆಳಿಗ್ಗೆ ಬಕೆಟ್ಟು ಹಿಡಿದು ಬಾಗಿಲು ತೆಗೆದರೆ ಐಸೆಲ್ಲ ನೀರಾಗಿದೆ, ಬಾಟಲಿ ಅದರಲ್ಲಿ ತೇಲುತ್ತಿದೆ.

ಸೊಸೆ ಗಿರಿಜ ಅದನ್ನು ಒರೆಸಿ ಬೆಳಕಿಗೆ ಹಿಡಿದಳು. "ಶನಿವಾರನೂ ನೀರ್ನಂಗೇ ಇತ್ತು, ಈಗ್ಲೂ ಹಂಗೇ ಐತೆ. ಸ್ವಿಚ್ ಹಾಕ್ತೀನಿ ಅತ್ತೆ. ಸಿಂಧುಗೇನು ಕನಸು ಬೀಳ್ತದಾ?"

ಮಾತು ನಿಜವೇ. ಆ ಬಾಟಲಿಯೊಳಗಿನದು ಐಸ್ ಖಾನೆಯಲ್ಲೂ ಗಟ್ಟಿಯಾಗುವ ಜಾತಿಯದಲ್ಲ, ಫ್ರಿಜ್ಜು ಆರಿತ್ತೆಂಬುದಕ್ಕೆ ಸಾಕ್ಷಿಯೇ ಇರಲಿಲ್ಲ. ನಾನೂ ಅರ್ಧ ಗಂಟೆ ಬಹಳ ಸಮಾಧಾನದಿಂದ ಫ್ರಿಜ್ಜು ಒರೆಸಿದೆ. ಆಮೇಲೆ ಹೊಳೆಯಿತು. ಅದು ಕೆಟ್ಟಿದ್ದರೆ ಬೊಟ್ಟಿದ್ದರೂ ಕಾಣಿಸುವುದಿಲ್ಲ. ಬೊಟ್ಟೇ ಬಿದ್ದಿಲ್ಲ ಎಂದು ಸಿಂಧು ಬರೆದುಕೊಳ್ಳುತ್ತಾಳೆ. ಅವಳ ವರ್ಷದ ದುಡಿಮೆ ನನ್ನ ಬಾಯಿಯ ಬೀಗಕ್ಕೆ ಸಿಕ್ಕಿ ಸುಳ್ಳಾಗುತ್ತದೆ. ಅದನ್ನು ಬೆಳಕಿಗೆ ಹಿಡಿದು ನೋಡಲು ನಮ್ಮತ್ತೆಯೂ ಈಗಿಲ್ಲ.

ಅವಳು ಬಂದಾಗ ಮಂಡಕ್ಕಿ ತಟ್ಟೆ ಕೊಟ್ಟು, ತಟ್ಟೆಗೇ ಹೇಳುವಂತೆ ಹೇಳಿದೆ: "ಸಿಂಧು, ನಾನು ಫ್ರಿಜ್ಜು ಆರಿಸಿಬಿಟ್ಟಿದ್ದೆ ಕಣೇ. ರಾತ್ರಿಯೆಲ್ಲಾ."

ಅವಳ ಕೈ ನಿಂತಿತು. "ಬಾಟಲಿ ಬೆಚ್ಚಗಾಗಿತ್ತಾ?"

"ಇಲ್ಲ. ಬಾವಿ ನೀರಿನಷ್ಟು ತಣ್ಣಗಿತ್ತು."

"ಹಂಗಾದ್ರೆ ಉಳಿದಿರಬಹುದು. ಬೊಟ್ಟಿರೋ ಪ್ರೋಟೀನು ಒಂದು, ಬೊಟ್ಟು ಅಳಿಸಿದ್ದು ಒಂದು, ಎರಡನ್ನೂ ಇಟ್ಟು ನೋಡ್ತೀನಿ. ನೀನು ಹೇಳ್ದೆ ಇದ್ದಿದ್ರೆ ಪರೀಕ್ಷೆ ಮಾಡ್ತಾನೇ ಇರ್ಲಿಲ್ಲ ಅಜ್ಜಿ."

ಎರಡು ದಿನ ನನಗೆ ಊಟ ಸೇರಲಿಲ್ಲ. ಬುಧವಾರ ಫೋನಿಗೆ ಚಿತ್ರ ಬಂತು. ಬೊಟ್ಟಿದ್ದ ಕಡೆ ಕಾಡಿಗೆ ಎಳೆದಂಥ ಕಪ್ಪು ಗೆರೆ, ಅಳಿಸಿದ ಕಡೆ ಖಾಲಿ. ಬಾಟಲಿ ಗುರುತು ಮರೆತಿರಲಿಲ್ಲ. 'ಒಂದು ರಾತ್ರಿ ಅಜ್ಜಿ ಫ್ರಿಜ್ಜು ಆರಿಸಿದ್ದರು' ಎಂದು ಲ್ಯಾಬಿನ ಪುಸ್ತಕದಲ್ಲಿ ಬರೆದಿದ್ದಾಳಂತೆ. ರೇಷನ್ ಕಾರ್ಡಿನಾಚೆ ಎಲ್ಲೂ ಹೆಸರಿಲ್ಲದ ನಾನು ಕೊನೆಗೂ ವಿಜ್ಞಾನಕ್ಕೆ ಸೇರಿದೆ, ಆರೋಪಿಯಾಗಿ.

ಇನ್ನು ಮುಂದೆ ಹೀಗಾಗದಿರಲಿ ಎಂದು ಗಿರಿಜ ಆ ಸ್ವಿಚ್ಚಿಗೆ ಒಂದು ಕುಂಕುಮದ ಬೊಟ್ಟಿಟ್ಟಳು. "ಬೊಟ್ಟು ಕಂಡ್ರೆ ಮುಟ್ಟಬ್ಯಾಡಿ ಅತ್ತೆ, ಅಷ್ಟೇ." ಸುಲಭದ ಗುರುತು. ಆ ಭಾನುವಾರ ಸಂಜೆ ದೀಪ ಹಚ್ಚಿ ಬಂದೆ. ಬೊಟ್ಟು ಕಂಡಿತು. ಭಕ್ತಿಯಿಂದ ಕೈಮುಗಿದೆ, ಸ್ವಿಚ್ಚು ಆರಿಸಿದೆ.