ಬೊಟ್ಟಿಟ್ಟ ದೊರೆಸಾನಿ

ತೀರ್ಥಹಳ್ಳಿ ಪೇಟೆಯಲ್ಲಿ ಪ್ಲಾಸ್ಟಿಕ್ ಡಬ್ಬಿಗಳ ಅಂಗಡಿ ಇಟ್ಟಿರುವ ರಾಜೇಂದ್ರ ಒಂದು ಭಾನುವಾರ ಬೆಳಿಗ್ಗೆ ಅಡುಗೆಮನೆಯ ನಟ್ಟನಡುವೆ ನಿಂತು, ಚುನಾವಣೆಗೆ ನಿಂತವರ ಗತ್ತಿನಲ್ಲಿ ಘೋಷಿಸಿದ: "ಇವತ್ತಿಂದ ಈ ಮನೆ ತಗಡುಮುಕ್ತ!"

ಹೆಂಡತಿ ಆಶಾ ದೋಸೆ ಮಗುಚುತ್ತಾ, "ಎಂತ ಮುಕ್ತ?" ಎಂದಳು.

"ತಗಡು ಕಣೇ, ತಗಡು! ಈ ಬಿಸ್ಕತ್ತಿನ ಡಬ್ಬಗಳು! ಒಳಗೆ ಎಂತ ಇದೆ ಅಂತ ದೇವರಿಗೂ ಗೊತ್ತಾಗಲ್ಲ. ಚಕ್ಕುಲಿ ಅಂತ ತೆಗೆದ್ರೆ ಸೂಜಿ-ದಾರ. ಸೂಜಿ-ದಾರ ಅಂತ ತೆಗೆದ್ರೆ ಹಳೇ ಮಾತ್ರೆ. ಮಾತ್ರೆ ಅಂತ ತೆಗೆದ್ರೆ ಟಿವಿ ರಿಮೋಟಿನ ಸೆಲ್ಲು! ಮಗಳು ಹೆರಿಗೆಗೆ ಬರ್ತಿದಾಳೆ. ಇನ್ಮೇಲೆ ಎಲ್ಲಾ ಪಾರದರ್ಶಕ. ನಮ್ಮಂಗಡಿ ಏರ್‌ಟೈಟ್!"

"ಯಾವ್ದು ಬೇಕಾದ್ರೂ ಗುಜರಿಗೆ ಹಾಕಿ. ಅತ್ತೆ ಡಬ್ಬ ಮಾತ್ರ ಮುಟ್ಟಬೇಡಿ."

ರಾಜೇಂದ್ರನ ಮುಖ ಸಪ್ಪಗಾಯಿತು. ಯಾಕೆಂದರೆ ಈ ಮಹಾಕ್ರಾಂತಿಯೆಲ್ಲ ಹುಟ್ಟಿದ್ದೇ ಆ ಒಂದು ಡಬ್ಬವನ್ನು ಮನೆಯಿಂದ ದಾಟಿಸುವುದಕ್ಕಾಗಿ! ಮಿಕ್ಕ ಡಬ್ಬಗಳು ಪಾಪ, ಜೊತೆಗೆ ಸಿಕ್ಕಿಹಾಕಿಕೊಂಡವು.

ಆ ಡಬ್ಬಕ್ಕೂ ರಾಜೇಂದ್ರನಿಗೂ ಒಂದೇ ವಯಸ್ಸು. ಅವನು ಹುಟ್ಟಿದಾಗ ಸೋದರಮಾವ ಹೂವಯ್ಯ ಬೊಂಬಾಯಿಯಿಂದ ಉಡುಗೊರೆಯಾಗಿ ತಂದದ್ದು. ಬಿಸ್ಕತ್ತು ಒಂದೇ ದಿನಕ್ಕೆ ಮುಗಿಯಿತು, ಡಬ್ಬ ಉಳಿಯಿತು. ಅದರ ಮೇಲೊಂದು ಚಿತ್ರ. ಕೊಳದ ದಂಡೆ, ಎರಡು ಹಂಸ, ನೆಲ ಗುಡಿಸುವ ಲಂಗ ತೊಟ್ಟು ಛತ್ರಿ ಹಿಡಿದ ಒಬ್ಬ ದೊರೆಸಾನಿ. ಹಂಸಗಳು ಕೊಳ ನೋಡುತ್ತಿದ್ದರೆ ದೊರೆಸಾನಿ ಮಾತ್ರ ನೇರವಾಗಿ ನಿಮ್ಮನ್ನೇ ನೋಡುತ್ತಾಳೆ. ಬರಿ ಹಣೆಯ ಹೆಣ್ಣು ಮನೆಯಲ್ಲಿರಬಾರದು ಎಂದು ರಾಜೇಂದ್ರನ ತಾಯಿ ಮಾಸ್ತಮ್ಮ ಅವಳ ಹಣೆಗೆ ಕೆಂಪಗೆ ಒಂದು ಬೊಟ್ಟಿಟ್ಟಿದ್ದರು. ಅದು ಮಾಸಿದಾಗೆಲ್ಲ ಹೊಸದು ಇಡುತ್ತಿದ್ದರು.

ಚಿಕ್ಕಂದಿನಲ್ಲಿ ರಾಜೇಂದ್ರ ಅಡುಗೆಮನೆಗೆ ಒಬ್ಬನೇ ಹೋಗುತ್ತಿರಲಿಲ್ಲ. ದೊರೆಸಾನಿ ಗೋಡೆಯ ನಾಗಂದಿಗೆಯ ಮೇಲಿಂದ ನೋಡುತ್ತಿದ್ದಳು. ಅದಕ್ಕಿಂತ ಹೆದರಿಕೆ ಅವಳು ಇಲ್ಲದ ದಿನಗಳಲ್ಲಿ! ಕೆಲವು ದಿನ ಆ ಜಾಗ ಖಾಲಿ ಇರುತ್ತಿತ್ತು. "ಅವ್ವಾ, ಅವ್ಳೆಲ್ಲಿ?" ಎಂದರೆ ಮಾಸ್ತಮ್ಮ ಕೆಲಸದ ಗಡಿಬಿಡಿಯಲ್ಲಿ, "ಸವಾರಿ ಹೋಗಿದಾಳೆ. ಬರ್ತಾಳೆ ಬಿಡು" ಎನ್ನುತ್ತಿದ್ದರು. ನಾಲ್ಕಾರು ದಿನಕ್ಕೆ ದೊರೆಸಾನಿ ಸವಾರಿ ಮುಗಿಸಿ ಬಂದು ಕೂತಿರುತ್ತಿದ್ದಳು. ಹುಡುಗ ಎಲ್ಲಿ ಹೋಗಿದ್ದಳು ಎಂದು ಕೇಳುವ ಧೈರ್ಯ ಮಾಡಲಿಲ್ಲ. ಅವನು ಬೆಳೆದು, ಮದುವೆಯಾಗಿ, ಮಗಳು ಲಿಖಿತಾಳನ್ನು ಸಾಗರಕ್ಕೆ ಕೊಟ್ಟು, ತಲೆ ನರೆತ ಮೇಲೂ ಕೇಳಲಿಲ್ಲ.

ಹೋದ ವರ್ಷ ಮಾಸ್ತಮ್ಮ ತೀರಿಕೊಂಡರು. ಬೊಟ್ಟು ಮಾಸಿತು. ಅಲ್ಲಿಂದ ದೊರೆಸಾನಿಯ ನೋಟ ಇನ್ನೂ ಬಿರುಸಾಯಿತು. ಬೆಳಿಗ್ಗೆ ರಾಜೇಂದ್ರ ಡಬ್ಬವನ್ನು ಗೋಡೆ ಕಡೆ ತಿರುಗಿಸಿ ಅಂಗಡಿಗೆ ಹೋದರೆ, ಮಧ್ಯಾಹ್ನ ಊಟಕ್ಕೆ ಬರುವಷ್ಟರಲ್ಲಿ ಅವಳು ಈ ಕಡೆ ತಿರುಗಿರುತ್ತಿದ್ದಳು! ಅವನು ಅರ್ಧ ಊಟಕ್ಕೇ ಎದ್ದುಬಿಡುತ್ತಿದ್ದ. ಇಂಥವಳ ಕಣ್ಣೆದುರು ಹಸುಗೂಸನ್ನು ಮಲಗಿಸುವುದುಂಟೇ?

ಗುಜರಿಯ ಬೆಳ್ಳಪ್ಪ ಗಾಡಿ ತಂದ ದಿನ ಆಶಾ ಹಿತ್ತಿಲಲ್ಲಿದ್ದಳು. ರಾಜೇಂದ್ರ ಹಳೇ ಡಬ್ಬಗಳ ರಾಶಿಯ ಅಡಿಯಲ್ಲಿ ದೊರೆಸಾನಿಯನ್ನು ಮುಖ ಕೆಳಗಾಗಿಸಿ ತುರುಕಿದ. ಬೆಳ್ಳಪ್ಪನ ಕೈ ಸೀದಾ ಅದಕ್ಕೇ ಹೋಯಿತು. ಅವನು ಮುಚ್ಚಳ ತೆಗೆದು ನೋಡಿ, ರಾಜೇಂದ್ರನ ಮುಖ ನೋಡಿದ.

"ಇದೂನಾ ಅಣ್ಣ? ಖಾಲಿ?"

"ಖಾಲೀನೇ. ತಗೊಂಡ್ ಹೋಗು."

ಬೆಳ್ಳಪ್ಪ ಮುಚ್ಚಳವನ್ನು ಮೆಲ್ಲಗೆ ಮುಚ್ಚಿದ. ಆಮೇಲೆ ದನಿ ತಗ್ಗಿಸಿ, "ಆಯ್ತು ಬಿಡಿ. ಅರ್ಥ ಆಯ್ತು" ಎಂದು ಡಬ್ಬವನ್ನು ರಾಶಿಗೆ ಹಾಕದೆ ಎದೆಗವಚಿಕೊಂಡು ಹೋದ. ಏನು ಅರ್ಥವಾಯಿತೋ! ಗಾಡಿ ತಿರುವು ದಾಟುವವರೆಗೂ ರಾಜೇಂದ್ರ ಕಾದು ನಿಂತ. ಆಶಾಳಿಗೆ ಮಾತ್ರ, "ಅವ್ವನ ಡಬ್ಬ ಒರೆಸಿ ಅಟ್ಟದ ಮೇಲಿಟ್ಟಿದೀನಿ" ಎಂದು ಹಸಿ ಸುಳ್ಳು ಹೇಳಿದ.

ಎರಡು ದಿನ ಸುಖವಾಗಿ ಊಟ ಮಾಡಿದ. ಮೂರನೆಯ ಬೆಳಿಗ್ಗೆ ಬಾಗಿಲು ತೆಗೆದರೆ ಜಗಲಿಯ ಮೇಲೆ ದೊರೆಸಾನಿ!

ಸುತ್ತ ಯಾರೂ ಇಲ್ಲ. ಅವಳು ಬಾಗಿಲ ಕಡೆಗೇ ಮುಖ ಮಾಡಿ ಕೂತಿದ್ದಳು. ವರ್ಷದಿಂದ ಮಾಸಿದ್ದ ಬೊಟ್ಟು ಈಗ ಕೆಂಪಗೆ ಹೊಳೆಯುತ್ತಿತ್ತು. ಮುಟ್ಟಿದರೆ ಬೆರಳಿಗೆ ಹತ್ತಿತು. ಹಸಿ! ಡಬ್ಬ ಎತ್ತಿದರೆ ಒಳಗೆ ಏನೋ ಉರುಳಿತು. ದೇವರನ್ನು ನೆನೆದು ಮುಚ್ಚಳ ತೆಗೆದ. ಹಳದಿ ಕಲ್ಲುಗಳು. ಗೋಲಿಯಷ್ಟು ದಪ್ಪ, ಬೆಳಕಿಗೆ ಹಿಡಿದರೆ ಒಳಗೆಲ್ಲ ಬಿರುಕು.

ರಾಜೇಂದ್ರ ಸಾಸಿವೆಗೂ ರಾಗಿಗೂ ವ್ಯತ್ಯಾಸ ತಿಳಿಯದ ಗಂಡಸು. ಆದರೆ ಮಾಟ-ಮಂತ್ರದ ವಿಷಯದಲ್ಲಿ ಅವನ ಕಲ್ಪನೆ ಬಹಳ ಚುರುಕು. ಕಲ್ಲುಗಳನ್ನು ಎಸೆಯಲು ಧೈರ್ಯವಿಲ್ಲ, ಮನೆಯಲ್ಲಿಡಲು ಅದಕ್ಕಿಂತ ಇಲ್ಲ. ಕೊನೆಗೆ ಅಂಗಡಿಗೆ ಒಯ್ದು ಒಂದು ಪಾರದರ್ಶಕ ಏರ್‌ಟೈಟ್ ಡಬ್ಬಿಯಲ್ಲಿ ಹಾಕಿ, ನಾಲ್ಕೂ ಕಡೆ ಲಾಕ್ ಒತ್ತಿ ಶೆಲ್ಫಿನಲ್ಲಿಟ್ಟ. ಅಲುಗಾಡಿದರೆ ಗೊತ್ತಾಗುತ್ತದಲ್ಲ!

ಡಬ್ಬವನ್ನು ಅವತ್ತೇ ಆಗುಂಬೆ ಕಡೆಯ ಖಾಸಗಿ ಬಸ್ಸಿಗೆ ಹತ್ತಿಸಿ, ಹಿಂದಿನ ಸೀಟಿನ ಕೆಳಗೆ ತಳ್ಳಿ, ಬಸ್ಸು ಹೊರಡುವ ಮುಂಚೆ ಇಳಿದುಬಿಟ್ಟ. ಮೇಗರವಳ್ಳಿ ಕಾಡು ದಾಟಿ ಎಲ್ಲಾದರೂ ಹೋಗಲಿ! ಕಂಡಕ್ಟರ್ ತೀರ್ಥೇಶ್ ಬಾಗಿಲಲ್ಲಿ ನಿಂತು, "ಎಂತ ಅಣ್ಣ, ಬರಲ್ವಾ?" ಎಂದು ಕೂಗಿದ್ದಕ್ಕೂ ತಿರುಗಿ ನೋಡಲಿಲ್ಲ.

ಮಾರನೇ ದಿನ ಪಕ್ಕದ ಹೋಟೆಲಿನಲ್ಲಿ ಟೀ ಕುಡಿದು ಬಂದರೆ ದೊರೆಸಾನಿ ಅಂಗಡಿಯ ಗಲ್ಲಾದ ಮೇಲೆ ಕೂತಿದ್ದಳು. ಅವನ ಜಾಗದಲ್ಲೇ! ಬೊಟ್ಟು ಮತ್ತೆ ಹಸಿ, ಈ ಸಲ ಇನ್ನೂ ದೊಡ್ಡದು. ಒಳಗೆ ಕಂದುಗೆಂಪು ಬಣ್ಣದ ಸಣ್ಣ ಸಣ್ಣ ಬೀಜಗಳು. ಬೆವರಿದ ಕೈ ಹಾಕಿದ್ದೇ ತಡ, ಬೀಜಗಳು ಬೆರಳಿಗೆ ಲೋಳೆಯಾಗಿ ಅಂಟಿಕೊಂಡವು, ಬಿಡಿಸಿದರೂ ಬಿಡಲಿಲ್ಲ. ರಾಜೇಂದ್ರ ಕೈ ಕೊಡವುತ್ತಾ ಕುಣಿದ ಕುಣಿತ ನೋಡಿ ಎದುರಂಗಡಿಯವರು ಚೇಳು ಕಚ್ಚಿತೇನೋ ಎಂದು ಓಡಿ ಬಂದರು. ಶೆಲ್ಫಿನಲ್ಲಿ ಏರ್‌ಟೈಟ್ ಎರಡಾಯಿತು.

ಅವನಿಗೆ ಈಗ ನಿಜವಾಗಿ ಭಯವಾಗಿತ್ತು. ದೊರೆಸಾನಿಯ ಭಯವಲ್ಲ, ಅವ್ವನ ಭಯ. ಅವ್ವನ ವಸ್ತುವನ್ನು ಅವನು ಗುಜರಿಗೆ ಹಾಕಿದ್ದ. ಅವ್ವ ಮುನಿಸಿಕೊಂಡಿದ್ದಾಳೆ. ಮುನಿಸಿಕೊಂಡವಳು ಬಸುರಿ ಮಗಳ ಮೇಲೆ ಕಣ್ಣು ಹಾಕಿದರೆ?

ಲಿಖಿತಾಳನ್ನು ಕರೆತರಲು ಸಾಗರಕ್ಕೆ ಹೋಗುವ ದಿನ ಬಂತು. ರಾಜೇಂದ್ರ ಡಬ್ಬವನ್ನು ಕಾರಿನ ಡಿಕ್ಕಿಯಲ್ಲಿ ಹಾಕಿಕೊಂಡು ಮಗಳ ಮನೆ ದಾಟಿ ಸೀದಾ ತಾಳಗುಪ್ಪಕ್ಕೆ ಹೋದ. ರೈಲು ಹೊರಡುವುದೇ ಅಲ್ಲಿಂದ. ಬೆಂಗಳೂರಿನ ರೈಲಿನ ಒಂದು ಬೋಗಿಯಲ್ಲಿ ಕಿಟಕಿ ಪಕ್ಕ ಅವಳನ್ನು ಕೂರಿಸಿ, "ತಾಯೀ, ತಪ್ಪಾಯ್ತು, ಹೋಗ್ಬಾ" ಎಂದು ಕೈಮುಗಿದ. ರೈಲು ಹೊರಟಿತು. ಕಿಟಕಿಯಿಂದ ಅವಳು ಅವನನ್ನೇ ನೋಡುತ್ತಾ ಹೋದಳು.

ಬರುವಾಗ ಟೈರು ಪಂಕ್ಚರ್. ಸಾಗರ ಮುಟ್ಟುವಷ್ಟರಲ್ಲಿ ಇಳಿಹೊತ್ತು. ಗೇಟಿನ ಮುಂದೆ ಕಾರು ನಿಲ್ಲಿಸಿದರೆ, ತುಂಬಿದ ಬಸುರಿ ಲಿಖಿತಾ ಮೆಟ್ಟಿಲಿಳಿದು ಬರುತ್ತಿದ್ದಾಳೆ, ಎರಡೂ ಕೈಯಲ್ಲಿ ದೊರೆಸಾನಿ!

"ಅಪ್ಪಾ, ನೋಡು! ಅಜ್ಜಿ ಡಬ್ಬ!"

"ಯಾ... ಯಾರು ಕೊಟ್ರು?"

"ಯಾರೋ ಒಬ್ರು ಅಮ್ಮ ಬಂದು ಕೊಟ್ಟು ಹೋದ್ರು. ನೀವು ಯಾರು ಅಂತ ಕೇಳಿದ್ರೆ, 'ನಿಮ್ಮಜ್ಜಿಗೆ ಗೊತ್ತು' ಅಂದ್ರು."

ರಾಜೇಂದ್ರ ಬಾನೆಟ್ ಹಿಡಿದು ನಿಂತ. ಮಗಳು ಮುಚ್ಚಳಕ್ಕೆ ಕೈ ಹಾಕಿದಾಗ, "ತೆಗೀಬೇಡ!" ಎಂದು ಅವನು ಕಿರುಚಿದ ರಭಸಕ್ಕೆ ಬೀಗರ ಮನೆಯವರೆಲ್ಲ ಹೊರಗೆ ಬಂದರು.

ವಾಪಸು ಬರುವಾಗ ಮಗಳು ಹಿಂದಿನ ಸೀಟಿನಲ್ಲಿ ಡಬ್ಬ ತಬ್ಬಿಕೊಂಡು ನಿದ್ದೆ ಹೋದಳು. ಪ್ರತಿ ತಿರುವಿಗೂ ಒಳಗಿಂದ ಲೊಟಲೊಟ ಸದ್ದು. ಹೊಸನಗರದಲ್ಲಿ ಎಳನೀರಿಗೆ ನಿಲ್ಲಿಸಿದಾಗ ಅವನು ಮೆಲ್ಲಗೆ ಡಬ್ಬವನ್ನೆತ್ತಿ, ಕಾರಿನ ಹಿಂದೆ ಹೋಗಿ ತೆರೆದ. ಮೂಳೆ! ಗೆಣ್ಣು ಗೆಣ್ಣಾಗಿ ಒಣಗಿದ ಬೆರಳಿನಂಥ ತುಂಡುಗಳು, ಮೂಗಿಗೆ ಘಾಟು ಹೊಡೆಯುವ ವಾಸನೆ. ಎಳನೀರಿನವನು ಚಿಲ್ಲರೆ ಕೊಡಲು ಕೂಗಿದರೂ ರಾಜೇಂದ್ರನಿಗೆ ಕೇಳಿಸಲಿಲ್ಲ.

ಅಂಗಡಿಯಲ್ಲಿ ಏರ್‌ಟೈಟ್ ಮೂರಾಯಿತು. ಅಮ್ಮನಿಗೆ ಹೇಳಬೇಡ ಎಂದು ಮಗಳ ಬಾಯಿ ಮುಚ್ಚಿಸಿ, ದೊರೆಸಾನಿಯನ್ನು ಅವನು ತಾನೇ ನಾಗಂದಿಗೆಯ ಮೇಲೆ ಕೂರಿಸಿ, ಆಮೇಲೆ ಆ ಕಡೆ ತಲೆಯೆತ್ತಲಿಲ್ಲ.

ಅದೇ ವಾರ ಒಂದು ಬೆಳಿಗ್ಗೆ ಲಿಖಿತಾಳಿಗೆ ನೋವು ಶುರುವಾಯಿತು. ಆಸ್ಪತ್ರೆಗೆ ಸೇರಿಸಿದರು. ಮಧ್ಯಾಹ್ನವಾದರೂ ಹೆರಿಗೆ ಆಗಲಿಲ್ಲ. ಡಾಕ್ಟರು ಬಂದು, "ಸ್ವಲ್ಪ ತಡ ಆಗ್ತಿದೆ, ಕಾಯೋಣ" ಎಂದು ಒಳಗೆ ಹೋದರು. ಬಾಗಿಲು ಮುಚ್ಚಿತು. ರಾಜೇಂದ್ರ ಕಾರಿಡಾರಿನ ಬೆಂಚಿನ ಮೇಲೆ ಕುಸಿದು, ಚಿಕ್ಕ ಮಗುವಿನಂತೆ ಅತ್ತುಬಿಟ್ಟ.

"ಆಶಾ, ಅವ್ವ ನನ್ನ ಬಿಡಲ್ಲ ಕಣೇ! ಅವಳ ಡಬ್ಬನ ನಾನು ಗುಜರಿಗೆ ಹಾಕ್ದೆ. ಬಸ್ಸಿಗೆ ಹಾಕ್ದೆ. ರೈಲಿಗೆ ಹಾಕ್ದೆ. ಪ್ರತಿ ಸಲ ವಾಪಸ್ ಬಂತು! ಕಲ್ಲು ತಂತು, ಬೀಜ ತಂತು, ಕಡೆಗೆ ಮೂಳೆ ತಂತು! ತಪ್ಪು ನಂದು. ನನ್ನ ಮಗಳಿಗೆ ಯಾಕೆ ಶಿಕ್ಷೆ?"

ಆಶಾ ಗಂಡನನ್ನು ಕಣ್ಣು ಬಿಟ್ಟು ನೋಡಿದಳು. "ಎಲ್ಲಿವೆ ಅವೆಲ್ಲ?"

"ಅಂಗಡೀಲಿ. ಏರ್‌ಟೈಟಲ್ಲಿ."

"ಹೋಗಿ ತನ್ನಿ."

ಅಂಗಡಿ ಹತ್ತಿರವೇ. ರಾಜೇಂದ್ರ ಓಡಿಹೋಗಿ, ಮೂರು ಡಬ್ಬಿಗಳನ್ನು ಮೈಗೆ ತಾಗದಂತೆ ತೋಳು ಚಾಚಿ ಹಿಡಿದು ತಂದ. ಆಶಾ ಮುಚ್ಚಳವನ್ನೂ ತೆಗೆಯಲಿಲ್ಲ. ಹೊರಗಿನಿಂದ ಒಮ್ಮೆ ನೋಡಿದಳು, ಇನ್ನೊಮ್ಮೆ ನೋಡಿದಳು. ಸೆರಗು ಬಾಯಿಗೆ ತುರುಕಿಕೊಂಡರೂ ನಗು ನಿಲ್ಲಲಿಲ್ಲ.

"ಅಂಟು! ಅಳವಿ ಬೀಜ! ಬಜೆ!"

"ಅಂದ್ರೆ?"

"ಅಂದ್ರೆ ಬಾಣಂತಿ ಸಾಮಾನು ಕಣ್ರೀ! ಅಂಟಿನುಂಡೆಗೆ ಅಂಟು, ಹಾಲು ಹೆಚ್ಚಾಗಲಿ ಅಂತ ಅಳವಿ, ಮಗೂಗೆ ತೇದು ಹಾಕೋಕೆ ಬಜೆ. ಅಯ್ಯೋ ದೇವರೇ, ಮೂಳೆಯಂತೆ!"

ರಾಜೇಂದ್ರ ಒಂದು ಡಬ್ಬಿಯನ್ನು ಬೆಳಕಿಗೆ ಹಿಡಿದು ನೋಡಿದ. ಆಶಾ ಕಣ್ಣೊರೆಸಿಕೊಂಡು, ಅವನನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದಳು.

"ನೀವು ಹುಟ್ಟಿದಾಗ ಅತ್ತೆಗೆ ತಾಯಿ ಇರ್ಲಿಲ್ಲ. ಉಂಡೆ ಕಟ್ಟಿ ಕೊಡೋರು ಒಬ್ರೂ ಇಲ್ಲ. ತಮ್ಮ ತಂದ ಬಿಸ್ಕತ್ತು ತಿಂದು, ಖಾಲಿ ಡಬ್ಬ ನೋಡ್ತಾ ಬಾಣಂತನ ಕಳೆದ್ರಂತೆ. ಆಮೇಲೆ ಎಲ್ಲಿ ಯಾರು ಹೆತ್ತರೂ ಸರಿ, ಕೋಣಂದೂರಾಗ್ಲಿ, ಮೇಗರವಳ್ಳಿಯಾಗ್ಲಿ, ಹೊಸನಗರ, ಸಾಗರವಾಗ್ಲಿ, ಆ ಡಬ್ಬದ ತುಂಬಾ ಉಂಡೆ ಕಟ್ಟಿ ಕಳಿಸೋರು. ಜಾತಿ ಕೇಳಿದೋರಲ್ಲ, ಪರಿಚಯ ಇದ್ರೆ ಸಾಕು. ದೊರೆಸಾನಿ ಸವಾರಿ ಹೋಗ್ತಿದ್ದಿದ್ದು ಅಲ್ಲಿಗೆ!"

"ಮತ್ತೆ ಬೊಟ್ಟು?"

"ಮನೆಗೆ ಬಂದ ಹೆಂಗಸನ್ನ ಕುಂಕುಮ ಕೊಡದೆ ಕಳಿಸ್ತಾರಾ? ಅತ್ತೆ ಇಟ್ಟಿದ್ದು ನೋಡಿ ತಮಾಷೆಗೆ ಯಾರೋ ಶುರು ಮಾಡಿದ್ರು, ಆಮೇಲೆ ಎಲ್ಲ ಮನೇಲೂ ಅವಳಿಗೂ ಇಟ್ಟೇ ಕಳಿಸೋರು."

"ಗೋಡೆ ಕಡೆ ಇಟ್ರೆ ತಿರುಗ್ತಿದ್ಲಲ್ಲ?"

"ನಾನೇ ತಿರುಗಿಸ್ತಿದ್ದೆ. ಮನೆ ಹೆಂಗಸು ಗೋಡೆ ನೋಡ್ಕೊಂಡು ಕೂತ್ರೆ ಚಂದವಾ?"

ಹಸಿವಿನಿಂದ ಖಾಲಿ ಡಬ್ಬ ನೋಡುತ್ತಾ ಕೂತ ಎಳೆಯ ಬಾಣಂತಿಯೂ, ಅವಳ ಪಕ್ಕದಲ್ಲಿ ಮಲಗಿದ್ದ ತಾನೂ ರಾಜೇಂದ್ರನ ಕಣ್ಣಿಗೆ ಕಟ್ಟಿದಂತಾಯಿತು. ಅವ್ವನನ್ನು ಇಷ್ಟು ದಿನ ದೆವ್ವ ಮಾಡಿಬಿಟ್ಟೆನಲ್ಲ ಎಂದು ನಾಚಿಕೆಯಾಯಿತು.

ಅಷ್ಟರಲ್ಲಿ ಬಾಗಿಲು ತೆರೆದು ನರ್ಸಮ್ಮ, "ಹೆಣ್ಣು ಮಗು. ಇಬ್ರೂ ಚೆನ್ನಾಗಿದಾರೆ" ಎಂದರು. ರಾಜೇಂದ್ರ ಸಂತೋಷದಲ್ಲಿ ಬಜೆಯ ಡಬ್ಬಿಯನ್ನೇ ಅವರ ಕೈಗಿಟ್ಟು ಕೈಮುಗಿದ.

ಕಥೆ ಇಲ್ಲಿಗೆ ಮುಗಿದಿದ್ದರೆ ಅವನ ಮಾನ ಉಳಿಯುತ್ತಿತ್ತು.

ಮಗುವಿನ ಹೆಸರಿಡುವ ದಿನ ಸಾಗರದಿಂದ ಒಬ್ಬ ಹಿರಿಯ ಜೈನ ಹೆಂಗಸು ಬಂದರು. ಹೆಸರು ಜ್ವಾಲಾಮಾಲಿನಿ, ತವರು ಕೋಣಂದೂರು. "ತಾಳಗುಪ್ಪದಿಂದ ಮನೆಗೆ ಬರ್ತಿದ್ದೆ. ರೈಲಲ್ಲಿ ಎದುರಿಗೆ ನಮ್ಮ ಮಾಸ್ತಕ್ಕನ ಡಬ್ಬ! ಮೂರು ಹೆತ್ತಾಗಲೂ ಇದರಲ್ಲೇ ಉಂಡೆ ಬಂದಿತ್ತು. ಮುಚ್ಚಳ ತೆಗೆದ್ರೆ ಖಾಲಿ. ಮೊಮ್ಮಗಳ ಹೆರಿಗೆ ಅಂತ ಗೊತ್ತಿತ್ತು. ಪಾಪ, ಬಾಯಿಬಿಟ್ಟು ಕೇಳೋಕೆ ಸಂಕೋಚ ಆಗಿ ಹೀಗೆ ಕಳಿಸಿದಾರೆ ಅಂದ್ಕೊಂಡೆ. ಸ್ಟೇಷನ್ನಲ್ಲಿ ಇಳಿದೋಳೇ ಮನೆಗೆ ಹೋಗಿ, ಇದ್ದ ಬಜೆ ಎಲ್ಲ ತುಂಬಿ ಲಿಖಿತಾಳ ಕೈಗೆ ಕೊಟ್ಟು ಬಂದೆ" ಎಂದರು.

ರಾಜೇಂದ್ರ ಮೆಲ್ಲಗೆ ಹೆಂಡತಿಯ ಕಡೆ ನೋಡಿದ. "ಹಾಗಾದ್ರೆ ಬೆಳ್ಳಪ್ಪನೂ?"

"ಅವನೂ ಹಾಗೇ ಅಂದ್ಕೊಂಡಿದಾನೆ. ಮೊನ್ನೆ ಅವನ ಹೆಂಡತಿ ಬಂದಿದ್ಲು, 'ಅಂಟು ಸಾಕಾಯ್ತಾ ಅಕ್ಕ?' ಅಂತ. ಈ ಡಬ್ಬ ಮನೆಯಿಂದ ಯಾವತ್ತೂ ಖಾಲಿ ಹೋಗಿದ್ದಿಲ್ಲ, ಮನೆಗೆ ಖಾಲಿ ಬಂದಿದ್ದೂ ಇಲ್ಲ. ನೀವು ಖಾಲಿ ಡಬ್ಬ ಊರೂರಿಗೆ ಕಳಿಸಿದ್ರಿ. ಅದಕ್ಕೆ ನಮ್ಮ ಕಡೆ ಎಂತ ಅಂತಾರೆ ಹೇಳ್ಲಾ? ಬೇಡೋದು ಅಂತಾರೆ!"

ಮಾನ ವಾಪಸು ತರುವ ದಾರಿ ಒಂದೇ. ಆಶಾ ಬಂದ ಅಂಟಿನಲ್ಲೇ ಉಂಡೆ ಕಟ್ಟಿದಳು. ರಾಜೇಂದ್ರ, "ನಮ್ಮಂಗಡಿ ಏರ್‌ಟೈಟಲ್ಲಿ ಹಾಕಣ..." ಎಂದವನು ಅವಳ ಮುಖ ನೋಡಿ ತಾನೇ ದೊರೆಸಾನಿಯನ್ನು ಇಳಿಸಿಕೊಟ್ಟ. ಮೇಗರವಳ್ಳಿಯಲ್ಲಿ ಒಬ್ಬಳು ಹೊಸದಾಗಿ ಹೆತ್ತಿದ್ದಳು. ಉಂಡೆ ತುಂಬಿದ ದೊರೆಸಾನಿಯನ್ನು ಎದೆಗವಚಿಕೊಂಡು ಅವನು ಬಸ್ ಸ್ಟ್ಯಾಂಡಿಗೆ ಹೊರಟ. ಅಂಗಡಿಯವರೆಲ್ಲ ನೋಡಲಿ, ಈ ಸಲ ಡಬ್ಬ ತುಂಬಿದೆ ಎಂದು ಎದೆ ಸೆಟೆಸಿಯೇ ನಡೆದ.

ಬಸ್ಸಿನ ಬಾಗಿಲಲ್ಲಿ ನೇತಾಡುತ್ತಿದ್ದ ತೀರ್ಥೇಶ್ ಅವನನ್ನು ಕಂಡವನೇ, ಇಡೀ ಪೇಟೆಗೆ ಕೇಳುವಂತೆ ಕೂಗಿದ:

"ಎಂತ ರಾಜೇಂದ್ರಣ್ಣ! ನಮ್ಮನೆಯವಳು ಕೊಟ್ಟ ಅಳವಿ ಖರ್ಚಾಯ್ತಾ? ಹೋಗ್ಲಿ ಬಿಡಿ, ನಾಚ್ಕೋಬೇಡಿ. ಸೀಟಿನ ಕೆಳಗಿಟ್ಟು ಹೋಗಿ, ನಾಳೆ ತುಂಬಿಸ್ಕೊಂಡು ಬರ್ತೀನಿ!"